ತೊಟ್ಟಿಯ ಜಿಲೇಬಿ ಮೀನು ಕಾಫಿ ಕುಡಿದು ಬರುವಷ್ಟರಲ್ಲಿ ಕಪ್ಪಾಯಿತು, ಹೇಗೆ?

ಆಲೂರು ತೋಟ:
ಎಲ್ಲರಿಗೂ ನಮಸ್ಕಾರ. ಹಾಸನದ ಹತ್ತಿರ ಆಲೂರಿನವನು. ಮನೆ ಹಿಂದೆ ತೋಟಕ್ಕೆ ನೀರು ನಿಲ್ಲಿಸುವ ಸಿಮೆಂಟ್ ತೊಟ್ಟಿ ಇದೆ, ಅದರಲ್ಲಿ ಒಂದು ವರ್ಷದಿಂದ 14 ಜಿಲೇಬಿ ಮೀನು ಸಾಕಿದ್ದೇನೆ. ಒಂದು ಗಂಡು ಮಾತ್ರ ಇದ್ದಿಲಿನ ಹಾಗೆ ಕಪ್ಪು, ಗಂಟಲ ಕೆಳಗೆ ಬಿಳಿ, ರೆಕ್ಕೆ ಅಂಚಿನಲ್ಲಿ ಕೆಂಪು. ತಳದ ಮಣ್ಣನ್ನು ಬಾಯಲ್ಲಿ ತುಂಬಿಕೊಂಡು ಆಚೆ ಉಗಿದು ಊಟದ ತಟ್ಟೆಯಷ್ಟು ಅಗಲದ ಗುಂಡಿ ಮಾಡಿಕೊಂಡಿತ್ತು. ಹತ್ತಿರ ಬಂದ ಮೀನನ್ನೆಲ್ಲ ಅಟ್ಟಿಸುತ್ತಿತ್ತು. ಉಳಿದ ಗಂಡುಗಳು ಬೂದಿ ಬಣ್ಣ, ಸುಮ್ನೆ ಮೂಲೆ ಹಿಡಿದು ನಿಂತಿರುತ್ತಿದ್ದವು.

ಹೋದ ಭಾನುವಾರ ಬೆಳಿಗ್ಗೆ ಆ ಕರಿಯನನ್ನು ಹಿಡಿದು ಡ್ರಮ್ಮಿಗೆ ಹಾಕಿದೆ. ಒಳಗೆ ಹೋಗಿ ಕಾಫಿ ಕುಡಿದು ಬಂದು ನೋಡಿದರೆ ಮೂಲೆಯಲ್ಲಿದ್ದ ಒಂದು ಮೀನು ಅದೇ ಗುಂಡಿಯ ಮೇಲೆ ನಿಂತಿದೆ, ಮೈ ಕಪ್ಪಾಗುತ್ತಾ ಬಂದಿದೆ! ಎಲ್ಲರೂ ಹಾರ್ಮೋನ್ ಅಂತಾರೆ. ಇಷ್ಟು ಬೇಗ ಏರುತ್ತದಾ? ಬಣ್ಣ, ಜಗಳ, ಗುಂಡಿ ತೋಡುವುದು ಎಲ್ಲವನ್ನೂ ಒಂದೇ ಹಾರ್ಮೋನ್ ಮಾಡಿಸುತ್ತದಾ?

ಇನ್ನೊಂದು ವಿಷಯ. ಮರಿ ಕೊಟ್ಟವರು ಹಾರ್ಮೋನ್ ತಿನ್ನಿಸಿ ಎಲ್ಲವನ್ನೂ ಗಂಡು ಮಾಡಿದ್ದೇವೆ ಅಂದಿದ್ದರು. ಎರಡು ತಿಂಗಳ ಹಿಂದೆ ಒಂದು ಮೀನು ಬಾಯಿ ಉಬ್ಬಿಸಿಕೊಂಡು, ಏನೂ ತಿನ್ನದೆ ತಿರುಗುತ್ತಿತ್ತು. ಆಮೇಲೆ ನೋಡಿದರೆ ತೊಟ್ಟಿ ತುಂಬ ಜೀರಿಗೆಯಷ್ಟು ಮರಿ.

ಕಡೂರು ಮೇಷ್ಟ್ರು:
ಒಳ್ಳೆಯ ಪ್ರಶ್ನೆ, ಇಷ್ಟು ಗಮನಿಸಿ ಬರೆದಿದ್ದಕ್ಕೆ ಖುಷಿಯಾಯಿತು. ಬಣ್ಣ ನೋಡಿದರೆ ಇದು 1952ರಲ್ಲಿ ನಮ್ಮ ದೇಶಕ್ಕೆ ತಂದ ಮೊಸಾಂಬಿಕ್ ಜಿಲೇಬಿ.

ನಿಮಿಷಗಳಲ್ಲಿ ಕಪ್ಪಾಗುವುದು ನರದ ಕೆಲಸ. ಚರ್ಮದ ಕೋಶಗಳಲ್ಲಿ ಕಪ್ಪು ಬಣ್ಣದ ಕಣಗಳು ಹರಡಿಕೊಂಡರೆ ಮೈ ಕಪ್ಪು, ಒಟ್ಟುಗೂಡಿದರೆ ಪೇಲವ. ಆದರೆ ಹಾರ್ಮೋನ್ ಕೂಡ ಹಿಂದೆ ಬೀಳುವುದಿಲ್ಲ. ಆಫ್ರಿಕಾದ ಟ್ಯಾಂಗನೀಕಾ ಸರೋವರದಲ್ಲಿ ಬರ್ಟೋನಿ ಅಂತ ಜಿಲೇಬಿಯ ಸಂಬಂಧಿ ಮೀನಿದೆ. ಅಲ್ಲೂ ಇದೇ ಕಥೆ, ಯಜಮಾನ ಗಂಡನ್ನು ತೆಗೆದರೆ ಕೆಳಗಿದ್ದವನು ನಿಮಿಷಗಳಲ್ಲಿ ಬಣ್ಣ ಬದಲಾಯಿಸಿ ಜಗಳಕ್ಕೆ ನಿಲ್ಲುತ್ತಾನೆ, ಅರ್ಧ ಗಂಟೆಯಲ್ಲಿ ರಕ್ತದಲ್ಲಿ ಗಂಡು ಹಾರ್ಮೋನ್ ಏರಿರುತ್ತದೆ. ವೃಷಣ ದೊಡ್ಡದಾಗುವುದಕ್ಕೆ ಮಾತ್ರ ದಿನಗಳು ಬೇಕು. ಮೀನಿನಲ್ಲಿ ಈ ಕೆಲಸದ ಮುಖ್ಯ ಹಾರ್ಮೋನ್ 11-ಕೀಟೋಟೆಸ್ಟೋಸ್ಟಿರೋನ್.

ಈಗ ನಿಮ್ಮ ಎರಡನೇ ಪ್ರಶ್ನೆ, ನನಗೆ ತುಂಬಾ ಇಷ್ಟವಾದದ್ದು. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಮೈಕಿನಲ್ಲಿ ಸಕಲೇಶಪುರ ಅಂತ ಕೂಗುತ್ತಾರೆ. ಕೂಗು ಎಲ್ಲರ ಕಿವಿಗೂ ಬೀಳುತ್ತದೆ, ಏಳುವವರು ಸಕಲೇಶಪುರಕ್ಕೆ ಹೋಗುವವರು ಮಾತ್ರ. ಎದ್ದವರಲ್ಲೂ ಒಬ್ಬ ಲಗೇಜ್ ಎತ್ತುತ್ತಾನೆ, ಇನ್ನೊಬ್ಬ ಸೀಟಿಗೆ ಟವಲ್ ಹಾಕಲು ಓಡುತ್ತಾನೆ. ಹಾರ್ಮೋನ್ ಅಂದರೆ ಆ ಕೂಗು. ಅದನ್ನು ಕೇಳಿ ಏಳುವುದು ಕೋಶದೊಳಗಿನ ರಿಸೆಪ್ಟರ್. ಹಾರ್ಮೋನ್ ಅಂಟಿಕೊಂಡ ಕೂಡಲೇ ಅದು ಡಿಎನ್‌ಎ ಮೇಲೆ ಕೂತು ಜೀನ್‌ಗಳನ್ನು ಶುರು ಮಾಡುತ್ತದೆ, ಇಲ್ಲಾ ನಿಲ್ಲಿಸುತ್ತದೆ.

ನಮಗೆ ಗಂಡು ಹಾರ್ಮೋನಿನ ರಿಸೆಪ್ಟರ್ ಒಂದೇ. ಹೆಚ್ಚಿನ ಮೂಳೆಮೀನುಗಳ ಪೂರ್ವಜರಲ್ಲಿ ಇಡೀ ಜೀನ್ ಗಂಟು ಒಮ್ಮೆ ಇಮ್ಮಡಿಯಾಯಿತು, ಹಾಗಾಗಿ ಬರ್ಟೋನಿಗೆ ಎರಡು, ಆಲ್ಫಾ ಮತ್ತು ಬೀಟಾ. 2020ರಲ್ಲಿ ಸ್ಟ್ಯಾನ್‌ಫರ್ಡಿನವರು ಕ್ರಿಸ್ಪರ್ ಅನ್ನುವ, ಜೀನ್ ಕತ್ತರಿಸುವ ತಂತ್ರ ಬಳಸಿ ಒಂದೊಂದನ್ನೇ ಕೆಡಿಸಿ ನೋಡಿದರು. ಆಲ್ಫಾ ಇಲ್ಲದ ಗಂಡಿಗೆ ಬಣ್ಣ ಚೆನ್ನಾಗಿತ್ತು, ವೃಷಣ ದೊಡ್ಡದಿತ್ತು, ಆದರೆ ಜಗಳವಿಲ್ಲ, ಹೆಣ್ಣಿನ ಹಿಂದೆ ಹೋಗುವುದಿಲ್ಲ. ಬೀಟಾ ಇಲ್ಲದ್ದು ಪೇಲವ ಬಣ್ಣ, ಸಣ್ಣ ವೃಷಣ, ಆದರೂ ಯಜಮಾನನ ಹಾಗೆ ಅಟ್ಟಿಸುತ್ತಿತ್ತು. ಅಂದರೆ ಯಜಮಾನಿಕೆ ಅಂತ ನಾವು ಕರೆಯುವುದು ಒಂದೇ ಗಂಟಲ್ಲ, ಬಿಡಿಬಿಡಿ ತುಂಡುಗಳು. ಓದಿದ ದಿನ ಕಾಲೇಜಿನಲ್ಲಿ ಪಾಠ ಬಿಟ್ಟು ಇದನ್ನೇ ಹೇಳಿದ್ದೆ.

ಮೀನುಮರಿ ಕೆಲಸ:
ಮೇಷ್ಟ್ರೇ, ಒಂದು ಸೇರಿಸುತ್ತೇನೆ. ಗಂಡು ಹಾರ್ಮೋನ್ ಸೇರಿದ ಗುಂಪಿಗೆ ಸ್ಟಿರಾಯ್ಡ್ ಅಂತಾರೆ, ಅವೆಲ್ಲವೂ ಡಿಎನ್‌ಎ ತನಕ ಹೋಗಲೇಬೇಕು ಅಂತಿಲ್ಲ. ನಾನು ಗೆಂಡೆ ಮೀನಿನ ಮರಿ ಮಾಡುವ ಕಡೆ ಕೆಲಸ ಮಾಡಿದವನು. ಸಂಜೆ ತಾಯಿಮೀನಿಗೆ ಇಂಜೆಕ್ಷನ್ ಕೊಟ್ಟರೆ ಬೆಳಗಾಗುವ ಹೊತ್ತಿಗೆ ಮೊಟ್ಟೆ ಇಟ್ಟಿರುತ್ತದೆ. ಹೀರಾಲಾಲ್ ಚೌಧುರಿಯವರು 1957ರ ಜುಲೈ 10ರಂದು ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯ ರಸದಿಂದ ಇದನ್ನು ಸಾಧಿಸಿದರು, ಅದಕ್ಕೇ ಆ ದಿನ ಮೀನು ಕೃಷಿಕರ ದಿನ. ಇಂಜೆಕ್ಷನ್ನಿನಿಂದ ಅಂಡಾಶಯ ತಾನೇ ಒಂದು ಸ್ಟಿರಾಯ್ಡ್ ಮಾಡುತ್ತದೆ, ಅದು ಮೊಟ್ಟೆಯ ಹೊರಪೊರೆಯ ಮೇಲಿನ ರಿಸೆಪ್ಟರನ್ನು ಹಿಡಿದು ಮೊಟ್ಟೆಯನ್ನು ಪಕ್ವ ಮಾಡುತ್ತದೆ. ಆ ಹೊರಪೊರೆ ರಿಸೆಪ್ಟರನ್ನು ಮೊದಲು ಗುರುತಿಸಿದ್ದೂ ಮೀನಿನಲ್ಲೇ, ಸೀಟ್ರೌಟ್ ಅನ್ನುವ ಸಮುದ್ರ ಮೀನಿನ ಅಂಡಾಶಯದಲ್ಲಿ, 2003ರಲ್ಲಿ. ಪಕ್ವವಾಗುತ್ತಿರುವ ಮೊಟ್ಟೆಯನ್ನು ತಿಳಿಗೊಳಿಸುವ ದ್ರಾವಣದಲ್ಲಿ ಹಾಕಿ ನೋಡಿ, ನಡುವಿದ್ದ ನ್ಯೂಕ್ಲಿಯಸ್ ಅಂಚಿಗೆ ಸರಿದಿರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಜಾರಾಗಿಲ್ಲ.

ಅಣ್ಣ, ನಿಮ್ಮ ಮರಿ ವಿಷಯ. ಸಾಮಾನ್ಯವಾಗಿ ಕೆಜಿ ಆಹಾರಕ್ಕೆ 60 ಮಿಲಿಗ್ರಾಂ ಮಿಥೈಲ್ ಟೆಸ್ಟೋಸ್ಟಿರೋನ್ ಅನ್ನುವ ಗಂಡು ಹಾರ್ಮೋನ್ ಬೆರೆಸಿ, ಮರಿ ಮೊದಲ ತುತ್ತು ತಿನ್ನುವಾಗಿನಿಂದ ಮೂರು ನಾಲ್ಕು ವಾರ ಕೊಡುತ್ತಾರೆ. ಅಂಡಾಶಯವೋ ವೃಷಣವೋ ಅಂತ ತೀರ್ಮಾನವಾಗುವ ಮೊದಲೇ ಶುರು ಮಾಡಬೇಕು. ತಡವಾದರೆ, ಅಥವಾ ಮರಿ ಪಾಚಿ ತಿಂದು ಆ ಹಿಟ್ಟನ್ನು ಬಿಟ್ಟರೆ, ಹೆಣ್ಣು ಉಳಿಯುತ್ತವೆ. ಬಾಯಿ ಉಬ್ಬಿಸಿಕೊಂಡಿದ್ದು ಅಂಥ ಹೆಣ್ಣೇ, ಮೊಟ್ಟೆ ಮರಿಯನ್ನು ಬಾಯಲ್ಲಿಟ್ಟು ಕಾಯುತ್ತಿತ್ತು. ನಿಮಗೆ ಕೊಟ್ಟವರು ಇದನ್ನು ಮೊದಲೇ ಹೇಳಬೇಕಿತ್ತು. ಮನೆಯಲ್ಲಿ ಮಾತ್ರ ಆ ಹಾರ್ಮೋನ್ ಬೆರೆಸಲು ಹೋಗಬೇಡಿ.

ಯಗಚಿ ದಂಡೆ:
ಮೂಲೆಯಲ್ಲಿರುವ ಮೀನುಗಳ ಬಗ್ಗೆ ಯಾರೂ ಹೇಳಲಿಲ್ಲ. ಏಟು ತಿಂದು ನಿಂತ ಮೀನಿನಲ್ಲಿ ಸಾಮಾನ್ಯವಾಗಿ ಒತ್ತಡದ ಹಾರ್ಮೋನ್ ಆದ ಕಾರ್ಟಿಸಾಲ್ ಜಾಸ್ತಿ. ಮೈಯ ಉಪ್ಪು, ನೀರಿನ ಲೆಕ್ಕ ನೋಡುವ ಆಲ್ಡೋಸ್ಟಿರೋನ್ ಅನ್ನುವ ಹಾರ್ಮೋನ್ ಮೀನಿಗೆ ನಮ್ಮ ಹಾಗೆ ಇಲ್ಲ, ಆ ಲೆಕ್ಕವನ್ನೂ ಕಾರ್ಟಿಸಾಲೇ ನೋಡಬೇಕು. ಅದು ದಿನಗಟ್ಟಲೆ ಏರಿದ್ದರೆ ಮೀನು ಬೆಳೆಯುವುದಿಲ್ಲ, ರೋಗ ಬೇಗ ಹಿಡಿಯುತ್ತದೆ. ಒಡೆದ ಮಡಕೆ, ಹೆಂಚು ಹಾಕಿ ಮರೆ ಮಾಡಿಕೊಡಿ ಅಣ್ಣ.

ಆಲೂರು ತೋಟ:
ತುಂಬಾ ಥ್ಯಾಂಕ್ಸ್. ನಿನ್ನೆ ಹಳೇ ಮನೆಯ ಮಂಗಳೂರು ಹೆಂಚು ಎಂಟು ಇಟ್ಟಿದ್ದೇನೆ, ಎರಡು ಬೂದಿ ಮೀನು ಆಗಲೇ ಒಳಗೆ ಸೇರಿವೆ. ಹೊಸ ಕರಿಯ ಗುಂಡಿಯನ್ನು ಇನ್ನೂ ಆಳ ಮಾಡಿದ್ದಾನೆ. ಡ್ರಮ್ಮಿನಲ್ಲಿರುವ ಹಳೇ ಯಜಮಾನ ಪೂರ್ತಿ ಬೂದಿ ಬಣ್ಣಕ್ಕೆ ತಿರುಗಿದ್ದಾನೆ, ವಾಪಸ್ ಬಿಟ್ಟರೆ ಹೊಡೆದಾಡಿ ಸಾಯುತ್ತಾವಾ ಅಂತ ಭಯ.

ಕಡೂರು ಮೇಷ್ಟ್ರು:
ಒಂದನ್ನೇ ಬಿಡಬೇಡಿ. ಎಲ್ಲ ಮೀನನ್ನೂ ಹಿಡಿದು, ಗುಂಡಿ ಮುಚ್ಚಿ, ಹೆಂಚಿನ ಜಾಗ ಬದಲಿಸಿ, ಆಮೇಲೆ ಎಲ್ಲವನ್ನೂ ಒಟ್ಟಿಗೆ ಬಿಡಿ. ಯಾರು ಯಾವಾಗ ಕಪ್ಪಾದರು ಅಂತ ಗಡಿಯಾರ ನೋಡಿ ಬರೆದಿಡಿ, ಇಲ್ಲಿ ಹಾಕಿ.