ಬಿತ್ತೋ ಬೀಜ ನೆನಸಬ್ಯಾಡವಾ

ಹಾಂ, ಕೇಳಿಸ್ತೈತಿಲ್ಲ? ಫ್ಯಾನ್ ಬಂದ್ ಮಾಡೀನಿ ಈಗ. ಹೋದ ಸಲ ಬರೇ ಗಾಳಿ ಸಪ್ಪಳ ಬಂತು ಅಂತ ಎಲ್ಲಾರೂ ನಕ್ಕಿದ್ರಿ. ಬಳ್ಳಾರಿ ಸಣ್ಣಾಕಿ ನಮ್ಮ ಮನಿ ಗ್ರೂಪಿನ್ಯಾಗ ಬರದಿದ್ದನ್ನ ಮೊಮ್ಮಗನ ಕಡಿಂದ ಓದಿಸ್ಕೊಂಡೆ. ಹೆಸರುಕಾಳು ನೆನಸಿ ಅರಿವ್ಯಾಗ ಕಟ್ಟಿಟ್ಟಿದ್ಲಂತ, ಎರಡನೇ ದಿನಕ್ಕ ಲೊಳಿ ಲೊಳಿ ಆಗಿ ಹುಳಿ ವಾಸನಿ ಹೊಡಿಯಾಕ ಹತ್ತೇತಂತ. ಅರ್ಧ ಮೊಳಕಿ ಒಡದಾವ, ಅರ್ಧ ಹಂಗ ಕುಂತಾವ, ಮ್ಯಾಲ ಬಿಳಿ ನೂಲು ಬ್ಯಾರೆ ಕಾಣ್ತೈತಿ, ಕೂಸಿಗೆ ಕೊಡಬಹುದೇನು ಅಂತ ಕೇಳ್ಯಾಳ. ಅದರ ಕೆಳಗ ಇನ್ನೊಂದು ಮಾತು: "ಇವರು ಅಂತಾರ, ಕಿರಾಣಿ ಕಾಳು ಉಪಯೋಗ ಇಲ್ಲ, ಬೀಜದ ಅಂಗಡ್ಯಾಗ ಬಿತ್ತನಿ ಹೆಸರಿನ ಪಾಕೀಟು ಸಿಗ್ತೈತಿ, ಅದು ಪಕ್ಕಾ ಮೊಳೀತೈತಿ, ನಾಳೆ ತರ್ತೀನಿ ಅಂತ." ಅದಕ್ಕ ನಮ್ಮ ಗಂಗಾವತಿ ಮಾಮ ಹೆಬ್ಬೆಟ್ಟು ಬ್ಯಾರೆ ಒತ್ತ್ಯಾನ!

ವಾಸನಿ ಮಾತು ಆಮ್ಯಾಲ ಹೇಳ್ತೀನಿ. ಮೊದಲ ನಿನ್ನ ಗಂಡನ್ನ ಆ ಅಂಗಡಿ ಕಟ್ಟಿ ಹತ್ತದಂಗ ಹಿಡಿ. ಬಿತ್ತೋ ಬೀಜ ನೆನಸಬ್ಯಾಡ್ರಿ. ಬಣ್ಣ ಹಚ್ಚಿದ ಬೀಜ ಅಡಗಿಮನಿ ಹೊಸ್ತಿಲ ದಾಟಬಾರದು. ಹೆಬ್ಬೆಟ್ಟು ಒತ್ತಿದಾವನಿಗೂ ಹೇಳ್ತೀನಿ. ಏನಪಾ, ನಿನಗ ಕಾರಹುಣ್ಣಿಮಿ ಕರಿ ದಿನ ಮರತ ಹೋತೇನು?

ಹುಡುಗರಿಗೆ ಗೊತ್ತಿಲ್ಲದಿದ್ರ ಕೇಳ್ರಿ. ನಮ್ಮ ಹಳೀ ಮನಿ ಗೊತ್ತೈತಿಲ್ಲ, ಸಿಂಧನೂರು ಕಡೆ ಕಾಲುವಿ ದಂಡಿದು. ಆಗ ನಮ್ಮ ದೊಡ್ಡಾವ ಅಂಗನವಾಡಿಗೆ ಹೋಗೋ ಕೂಸು, ಸಣ್ಣಾವ ಇನ್ನೂ ಹುಟ್ಟಿದ್ದಿಲ್ಲ. ಮಿರಗ ಮಳಿ ಚಲೋ ಆಗಿತ್ತು. ಮಡ್ಡಿ ಹೊಲಕ್ಕ ಹೆಸರು ಬಿತ್ತಬೇಕಂತ ನಮ್ಮ ಮನಿಯವರು ಪ್ಯಾಟಿಂದ ಬೀಜದ ಚೀಲ ತಂದಿದ್ರು. ಎಕರೆಕ್ಕ 5–6 ಕಿಲೋ ಬೀಳ್ತೈತಿ. ಬಿತ್ತಿದ ಮ್ಯಾಲ ಚೀಲದ ತಳದಾಗ ಒಂದಿಷ್ಟು ಉಳೀತು. ಗುಲಾಬಿ ಬಣ್ಣದ ಕಾಳು, ನೋಡಾಕ ಬಲೇ ಚಂದ.

ಆ ಬಣ್ಣ ಕಾಳಿಂದಲ್ಲವಾ, ಔಷಧ ಹಚ್ಚೀವಿ ಅಂತ ತೋರ್ಸಾಕ ಹಾಕಿದ್ದು. ಥೈರಮ್, ಕ್ಯಾಪ್ಟಾನ್ ಅಂತ ಪುಡಿ ಬರ್ತಾವ, ಕಿಲೋ ಬೀಜಕ್ಕ 2–3 ಗ್ರಾಮ್ ಹಚ್ಚಿ ಹೊರಳಾಡಿಸ್ತಾರ. ಮಣ್ಣಾಗ ಬೀಜ ಕೊಳೀಬಾರದು, ಬೂಸ್ಟು ಹಿಡೀಬಾರದು ಅಂತ. ಕೆಲವಕ್ಕ ಹುಳಕ್ಕ ಹೊಡಿಯೋ ಔಷಧಾನೂ ಕೂಡಸ್ತಾರ. ಉಣ್ಣೋ ಕಾಳಿನ ಜೋಡಿ ಕಲೀಬಾರದು, ಕಂಡ ಕೂಡಲೆ ಗುರ್ತು ಸಿಗಬೇಕು ಅಂತ ಬಣ್ಣ. ಊಟಕ್ಕ, ದನದ ಮೇವಿಗೆ, ಎಣ್ಣಿಗೆ ಬಳಸಬ್ಯಾಡ್ರಿ ಅಂತ ಚೀಲದ ಮ್ಯಾಲೂ ಬರದಿರ್ತಾರ. ಆದ್ರ ನಮ್ಮ ದೊಡ್ಡತ್ತಿಗೆ, ಅಂದ್ರ ನಮ್ಮ ಮಾವನ ಅಕ್ಕಗ, ಓದಾಕ ಬರ್ತಿದ್ದಿಲ್ಲ. ಓದಾಕ ಬಂದಿದ್ರೂ ಆಕಿ ಕೇಳೋ ಪೈಕಿ ಅಲ್ಲ ಬಿಡು.

ಆಕಿ ಕೈಯಾಗ ಒಂದ ಕಾಳು ಹಾಳಾಗ್ತಿದ್ದಿಲ್ಲ, ಅದು ಖರೇನ. ಉಳಿದ ಬೀಜ ಎತ್ಕೊಂಡು ಹೋಗಿ ತೊಳದೇ ತೊಳದ್ಲು. ನಾ ಅಂದೆ, "ಅತ್ತೀ, ಅದಕ್ಕ ಔಷಧ ಹಚ್ಚ್ಯಾರ." "ನೀರು ತಿಳಿ ಬರೋಮಟ ತೊಳದೀನಿ. ನಿಮ್ಮ ತವರಮನ್ಯಾಗ ಕಾಳು ತಿಪ್ಪಿಗೆ ಚೆಲ್ತಿದ್ರೇನು?" ಅಂದ್ಲು. ಮನಿಗೆ ಬಂದು ನಾಕೈದು ಕಾರಹುಣ್ಣಿಮಿ ಕಂಡ ಸೊಸಿ ಇನ್ನೇನು ಮಾತಾಡ್ಯಾಳು?

ಈಗ ಇಲ್ಲಿ ಲಕ್ಷ್ಯ ಕೊಡ್ರಿ. ಆ ಕಾಳು ಎಷ್ಟು ಚಲೋ ಮೊಳೀತು ಅಂದ್ರ, ಒಂದೂ ಕೊಳೀಲಿಲ್ಲ, ಲೊಳಿ ಇಲ್ಲ, ವಾಸನಿ ಇಲ್ಲ. ಬೆಳ್ಳಗ, ದಪ್ಪಗ, ಎಲ್ಲಾ ಒಂದ ಸಮ ಮೊಳಕಿ. ದೊಡ್ಡತ್ತಿ ಬುಟ್ಟಿ ಹಿಡಕೊಂಡು ಓಣ್ಯಾಗ ತೋರಿಸಿ ಬಂದ್ಲು. ಹಂಗ ಆಗಲಿ ಅಂತಾನ ಔಷಧ ಹಚ್ಚಿರ್ತಾರವಾ! ಬೂಸ್ಟಿಗೆ ವಿಷ ಅದು, ಮೊಳಕಿಗಲ್ಲ. "ಮೊಳೀತಲ್ಲ, ವಿಷ ಇದ್ರ ಮೊಳೀತಿತ್ತೇನು" ಅಂತ ಆಕಿ ಅಂದಿದ್ದು ಇನ್ನೂ ನನ್ನ ಕಿವ್ಯಾಗ ಐತಿ. ನಿನ್ನ ಗಂಡನೂ ಇವತ್ತ ಅದ ಲೆಕ್ಕ ಹಾಕ್ಯಾನ, ಚಲೋ ಮೊಳೀತೈತಿ ಅಂದ್ರ ಚಲೋ ಕಾಳು ಅಂತ.

ಕಾರಹುಣ್ಣಿಮಿ ಕರಿ ದಿನ. ಮುಂಜಾನೆ ಜ್ವಾಳದ ರೊಟ್ಟಿ, ಗುರೆಳ್ಳು ಚಟ್ನಿ, ಈ ಕಾಳಿನ ಪಲ್ಯ. ನಾ ಒಲಿ ಮುಂದ ರೊಟ್ಟಿ ಬಡ್ಯಾಕ ಕುಂತಿದ್ದೆ, ನಮ್ಮ ಊಟ ಯಾವಾಗಲೂ ಕಡೀಕಲ್ಲ. ಎತ್ತು ತೊಳದು ಬಂದ ಮೈದುನ, ಅದ ಈಗ ಹೆಬ್ಬೆಟ್ಟು ಒತ್ಯಾನಲ್ಲ ಅವನ, ನಿಂತ ನಿಂತಲ್ಲೇ ಎರಡು ಸಲ ಬಡಿಸ್ಕೊಂಡು ತಿಂದ. ಕೂಸೂ ಒಂದು ಹಿಡಿ ತಿಂತು. ಇಳಿಹೊತ್ತಿಗೆ ಮೊದಲು ಕೂಸಿಗೆ ವಾಂತಿ, ಆಮ್ಯಾಲ ಮೈದುನಗ, ಆಮ್ಯಾಲ ದೊಡ್ಡತ್ತಿಗೇ. ಹೊಟ್ಟಿ ಮುರ್ಕೊಂಡು ಬಿದ್ದಾರ ಮೂರೂ ಮಂದಿ. ದೊಡ್ಡತ್ತಿ ಆಗಲೂ ಸುಮ್ನಿಲ್ಲ, ಕೂಸಿಗೆ ಉಪ್ಪುನೀರು ಕುಡಿಸಿ ಪೂರ್ತಿ ಕಕ್ಕಿಸ್ರಿ ಅಂತಾಳ. ಟ್ರ್ಯಾಕ್ಟರ್ ಡಬ್ಬಿಯಾಗ ಹಾಸಿಗಿ ಹಾಸಿ ಸಿಂಧನೂರಿಗೆ ಒಯ್ದಿವಿ. ಡಾಕ್ಟರು ಮೊದಲ ಕೇಳಿದ್ದ "ಏನು ತಿಂದ್ರಿ, ಬೀಜದ ಚೀಲ ಎಲ್ಲೈತಿ" ಅಂತ. ನಮ್ಮವರು ತಿರುಗಿ ಊರಿಗೆ ಹೋಗಿ ಖಾಲಿ ಚೀಲ ತಂದ ಮ್ಯಾಲ ಅದರ ಮ್ಯಾಲಿನ ಹೆಸರು ಓದಿ ಔಷಧ ಶುರು ಮಾಡಿದ್ರು. ಉಪ್ಪುನೀರು ಕುಡಿಸಿದ್ರ ಎದಿಗೆ ಹತ್ತಿ ಕೂಸಿನ ಉಸಿರು ಕಟ್ತಿತ್ತು ಅಂತ ಬೈದ್ರು. ದೇವರು ದೊಡ್ಡಾವ, ಎಲ್ಲಾರೂ ಉಳದು ಮನಿಗೆ ಬಂದ್ರು. ಹಂಗೇನರ ಯಾರ ಮನ್ಯಾಗರ ಆದ್ರ ಮನಿ ಮದ್ದು ಮಾಡ್ಕೋತ ಕುಂದ್ರಬ್ಯಾಡ್ರಿ, ಪಾಕೀಟು ಕೈಯಾಗ ಹಿಡಕೊಂಡು ದವಾಖಾನಿಗೆ ಓಡ್ರಿ.

ಅದಕ್ಕ ಮತ್ತೊಮ್ಮೆ ಹೇಳ್ತೀನಿ, ಎಲ್ಲಾರೂ ಕೇಳ್ರಿ. ಬಿತ್ತೋ ಬೀಜ ನೆನಸಬ್ಯಾಡ್ರಿ. ಗುಲಾಬಿ ಇರಲಿ, ಹಸರು ಇರಲಿ, ನೀಲಿ ಇರಲಿ. ಬಣ್ಣ ತೊಳದು ಹೋತು ಅಂದ್ರ ಔಷಧ ಹೋತು ಅಂತಲ್ಲ, ಸಿಪ್ಪಿಯೊಳಗ ಕುಂತಿರ್ತೈತಿ. ಕುದಿಸಿದ್ರೂ ಹೋಗಲ್ಲ. ಕೋಳಿಗೂ ಹಾಕಬ್ಯಾಡ್ರಿ, ಎಮ್ಮಿಗೂ ಹಾಕಬ್ಯಾಡ್ರಿ.

ಆಮ್ಯಾಲ ಏನಾತು ಗೊತ್ತೈತೇನು? ದೊಡ್ಡತ್ತಿ ಆರಾಮಾಗಿ ಬಂದ ಮ್ಯಾಲ ಓಣಿ ತುಂಬ ಹೇಳ್ಕೊಂಡು ಬಂದಿದ್ದು, "ಹೊಸ ಸೊಸಿ ರೊಟ್ಟಿ ಸರಿ ಬೇಯಿಸಿರಲಿಲ್ಲ, ಅದಕ್ಕ ಹೊಟ್ಟಿ ಕೆಟ್ಟವು" ಅಂತ. ನನ್ನ ರೊಟ್ಟಿ! ಇವತ್ತಿಗೂ ಆ ಓಣ್ಯಾಗ ಕೆಲವರು ಹಂಗ ತಿಳಕೊಂಡಾರ. ಮೈದುನ ಒಂದು ಮಾತು ಆಡಬೇಕಿಲ್ಲೇನು? ಸಲೈನ್ ಹಚ್ಚಿಸ್ಕೊಂಡು ಮಲಗಿದಾವ ತಾನ, ಡಾಕ್ಟರ್ ಬಾಯಿಲೆ ಕೇಳಿದಾವ ತಾನ.

ಮೊದಲೆಲ್ಲ ಬೀಜಕ್ಕ ಪ್ಯಾಟಿಗೆ ಹೋಗೋ ಮಾತ ಇದ್ದಿಲ್ಲ. ನಮ್ಮ ಅತ್ತಿ, ಪುಣ್ಯಾತ್ಗಿತ್ತಿ, ರಾಶಿ ಆದ ಮ್ಯಾಲ ಹೆಸರು, ಮಡಕಿ, ಹುರಳಿ ಬ್ಯಾರೆ ಬ್ಯಾರೆ ಬಿಸಲಿಗೆ ಒಣಗಿಸಿ, ಉಣ್ಣೋದಕ್ಕ ಔಡಲೆಣ್ಣಿ ಸವರಿ, ಬೀಜದ್ದಕ್ಕ ಬೂದಿ ಕಲಿಸಿ ಬೇವಿನ ಎಲಿ ಹಾಕಿ ಗಡಗಿಯಾಗ ಇಡ್ತಿದ್ಲು. ಜ್ವಾಳ ನೆಲದಾಗ ತೋಡಿದ ಹಗೇವಿನ್ಯಾಗ. ಮೊಳಕಿ ಕಾಳಿಗೆ ಯಾರ ಮನಿ ಮುಂದೂ ನಿಲ್ಲಬೇಕಾಗಿದ್ದಿಲ್ಲ. ಈಗ? ಪಾಲು ಆಗೋ ಮುಂದ ನಾ ಕೇಳಿದ್ದು ಬಂಗಾರ ಅಲ್ಲ, ಮನಿ ಅಲ್ಲ. ಆ ಮಡ್ಡಿ ಹೊಲದಾಗ ಅರ್ಧ ಎಕರೆ ಹಂಗ ಬಿಡ್ರಿ, ಹೆಸರು ಮಡಕಿ ಬಿತ್ಕೋತೀನಿ ಅಂದೆ. "ವೈನಿ, ನೀರಾವರಿ ಕಾಲದಾಗ ಯಾರು ಬಿತ್ತಾರ ಹೆಸರು" ಅಂತ ಮೈದುನ ಅಂದ, ಜೆಸಿಬಿ ತಂದು ಮಟ್ಟ ಹೊಡಿಸಿ, ಕಾಲುವಿ ನೀರು ಏರಿಸಿ ನೆಲ್ಲು ಹಚ್ಚಿದ್ರು. ಡ್ಯಾಮ್ ತುಂಬಿದ್ರ ಎರಡು ಬೆಳಿ, ಇಲ್ಲಾಂದ್ರ ಒಂದು, ಅದೂ ಇಲ್ಲಾಂದ್ರ ಬಾಯಾಗ ಮಣ್ಣು. 2024ರ ಆಗಸ್ಟ್‌ದಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಸರಪಳಿ ಹರದು ಗೇಟ ಕೊಚ್ಚಿಕೊಂಡು ಹೋತಲ್ಲ, ಆವಾಗ ರಾತ್ರಿಯೆಲ್ಲ ಫೋನು, "ವೈನಿ, ಹೆಂಗ ಮಾಡಾದು, ನೀರೆಲ್ಲ ಹೊಂಟು ಹೋತು" ಅಂತ. ಹೆಸರಿಗೆ ಕಾಲುವಿ ಬೇಕೇನಪಾ? ಮುಂಗಾರು ಎರಡು ಹದ ಮಳಿ ಸಾಕು, ಎಪ್ಪತ್ತು ದಿನದಾಗ ರಾಶಿ. ಈಗ ಹೊಲದ ಆ ಮೂಲ್ಯಾಗ ಸವಳು ಎದ್ದು ಬೆಳ್ಳಗಾಗೇತಿ, ನೆಲ್ಲೂ ಬರಲ್ಲ. ಮೊನ್ನೆ ಅವನ ಫೋನ್ ಮಾಡಿ, "ವೈನಿ, ಚಲೋ ಹೆಸರುಕಾಳು ಎಲ್ಲಿ ಸಿಗ್ತಾವ" ಅಂತ ಕೇಳ್ತಾನ. ಇದ ಗ್ರೂಪಿನ್ಯಾಗ ಅದಾನ, ಕೇಳಲಿ. ಇದಕ್ಕೂ ಹೆಬ್ಬೆಟ್ಟು ಒತ್ತಲಿ.

ಅಯ್ಯ, ಏನು ಕೇಳಿದ್ದಿ ನೀನು? ವಾಸನಿ. ಹಾಂ.

ಅದನ್ನ ಚೆಲ್ಲಿಬಿಡವಾ. ಲೊಳಿ ಆಗಿ ಹುಳಿ ವಾಸನಿ ಬಂತು ಅಂದ್ರ ಮುಗೀತು, ತೊಳದ್ರ ಸರಿ ಹೋಗಲ್ಲ, ಕೂಸಿಗಂತೂ ಬ್ಯಾಡವೇ ಬ್ಯಾಡ. ಕರಿಬೇವಿನ ಗಿಡದ ಬುಡಕ್ಕ ಹಾಕು. ಬಿಳಿ ನೂಲು ಅಂದಿ. ಮೊಳಕಿ ತುದಿಗೆ, ಬೇರಿನ ಸುತ್ತ ಒಂದ ಸಮ ಸಣ್ಣ ಕೂದಲು ಬಂದು ನೀರು ಹಾಕಿದ್ರ ಅಂಟಿಕೊಂಡು ಕಾಣದಂಗ ಆದ್ರ ಅದು ಬೇರಿನ ಕೂದಲು, ಏನೂ ಆಗಲ್ಲ. ಕಾಳಿಂದ ಕಾಳಿಗೆ ಜ್ಯಾಡ ಕಟ್ಟಿದ್ರ, ಕಪ್ಪು ಹಸರು ಚುಕ್ಕಿ ಬಿದ್ರ ಅದು ಬೂಸ್ಟು. ನಿಂದು ವಾಸನಿ ಬ್ಯಾರೆ ಐತಿ, ಇನ್ನ ನೋಡೋದೇನೈತಿ.

ನೀ ಮಾಡಿರಬೇಕು, ನೆನಸಿದ ಕಾಳು ನೀರು ಸೋರಿಸದ ಹಂಗ ಗಂಟು ಕಟ್ಟಿ ಡಬ್ಬಿಯಾಗ ಮುಚ್ಚಿಟ್ಟಿರಬೇಕು. ಮೊಳಿಯೋ ಕಾಳು ಉಸಿರಾಡ್ತೈತವಾ, ತಾನ ಬಿಸಿ ಆಗ್ತೈತಿ. ಅಡಿಯಾಗ ನೀರು ನಿಂತು ಗಾಳಿ ಸಿಗದಿದ್ರ ಕೊಳೀತೈತಿ. ಮ್ಯಾಲ ನಿಮ್ಮ ಬಳ್ಳಾರಿ ಬಿಸಲು. ಹೆಸರು ಮಡಕಿ ರಾತ್ರಿ ನೆನಸಿದ್ರ ಮುಂಜಾನೆ ತೆಗಿ, 8 ತಾಸು ಬಾಳಾತು, ಕಡು ಬ್ಯಾಸಗ್ಯಾಗ 6 ಸಾಕು. ಹುರಳಿ, ಕಡ್ಲಿ 12 ತಾಸು ಇರಲಿ. ನೆನಸೋ ಮೊದಲ ಮುಕ್ಕು, ಹುಳುಕು, ಒಡದ ಕಾಳು ಆರಿಸಿ ತೆಗಿ, ಕೊಳಿಯೋದು ಅಲ್ಲಿಂದನ ಶುರು ಆಗ್ತೈತಿ. ನೆನದ ಮ್ಯಾಲ ಎರಡು ನೀರಾಗ ತೊಳದು, ತೂತಿನ ಬುಟ್ಟ್ಯಾಗ ಹಾಕಿ ಪೂರ್ತಿ ನೀರು ಇಳಿಯೋಮಟ ಬಿಡು. ಆಮ್ಯಾಲ ಬುಟ್ಟ್ಯಾಗ ತೆಳ್ಳಗ ಹರವಿ ಮ್ಯಾಲ ಒದ್ದಿ ಅರಿವಿ ಮುಚ್ಚು, ಕುಡಿಯೋ ನೀರಿನ ಕೊಡದ ಬಾಜೂಕ ತಂಪಿನ್ಯಾಗ ಇಡು. ಮುಂಜಾನೆ, ಮಧ್ಯಾಹ್ನ, ಸಂಜಿ ತೊಳದು ಮತ್ತ ಸೋರಿಸು. ಹೆಸರಿಗೆ ಒಂದು ದಿನ ಸಾಕು, ಕಡ್ಲಿಗೆ ಎರಡು. ಮೊಳಕಿ ಬಂದ ಮ್ಯಾಲ ಫ್ರಿಜ್ಜಿನ್ಯಾಗ ಇಟ್ಟು ಎರಡು ಮೂರು ದಿನದಾಗ ಮುಗಿಸು.

ಅರ್ಧ ಮೊಳೀಲಿಲ್ಲ ಅಂದ್ರ ಹಳೇ ಕಾಳು ಇರಬೇಕು, ಇಲ್ಲಾ ಎಷ್ಟು ನೆನಸಿದ್ರೂ ನೀರು ಹೀರದ ಕಲ್ಲುಕಾಳು. ಅಂಗಡಿಯಾಗ ಈ ವರ್ಷದ ಉಣ್ಣೋ ಕಾಳು ಕೇಳಿ ತಗೋ, ಮೊದಲ ಒಂದು ಹಿಡಿ ನೆನಸಿ ನೋಡು. ಅದಕ್ಕ ಬೀಜದ ಪಾಕೀಟು ಬೇಕಿಲ್ಲ.

ಮತ್ತ ಕೂಸಿಗೆ ಹಸೀದು ಕೊಡಬ್ಯಾಡ. ವಿಡಿಯೋ ನೋಡಿ ಕೊಡ್ತಾರ ಈಗಿನವರು. ಮೊಳಿಯೋ ಬೆಚ್ಚನ್ನ ತೇವದಾಗ ಕ್ರಿಮೀನೂ ಬೆಳೀತಾವ, ಕಣ್ಣಿಗೆ ಕಾಣಲ್ಲ, ವಾಸನೀನೂ ಬರಲ್ಲ. 2011ರಾಗ ಜರ್ಮನಿಯಾಗ ಮೆಂತ್ಯ ಮೊಳಕಿಯಿಂದ ಸಾವಿರಾರು ಮಂದಿಗೆ ಬ್ಯಾನಿ ಬಂದು 50ಕ್ಕಿಂತ ಹೆಚ್ಚು ಮಂದಿ ತೀರಿಕೊಂಡ್ರು ಅಂತ ಮೊಮ್ಮಗ ಓದಿ ಹೇಳಿದ. ಅಷ್ಟು ಸ್ವಚ್ಛ ದೇಶದಾಗ! ಸಣ್ಣ ಕೂಸಿಗೆ, ಬಸರಿಗೆ, ನನ್ನಂಥ ಮುದುಕರಿಗೆ ಚಲೋತ್ನಾಗಿ ಬೇಯಿಸೇ ಕೊಡಬೇಕು. ಸಿ ಜೀವಸತ್ವ ಜರಾ ಕಡಿಮಿ ಆಗ್ತೈತಿ, ಆಗಲಿ, ಮ್ಯಾಲ ಲಿಂಬಿಹಣ್ಣು ಹಿಂಡು. ರಾಜ್ಮಾ ಮೊಳಕಿ ಅಂತೂ ಹಸೀದು ಯಾರೂ ಮುಟ್ಟಬ್ಯಾಡ್ರಿ, ಅದರಾಗ ಹುಟ್ಟಾನೆ ವಾಂತಿ ತರಿಸೋ ಅಂಶ ಐತಿ. ಚಲೋ ಕುದೀಬೇಕು.

ಇಷ್ಟ ನೋಡವಾ. ಮತ್ತ ಹೋದ ಪಂಚಮಿಗೆ ಉಂಡಿ ತುಂಬಿ ಕಳಿಸಿದ ಸ್ಟೀಲ್ ಡಬ್ಬಿ ಇನ್ನೂ ನಿಮ್ಮಲ್ಲೇ ಐತಿ, ಮುಚ್ಚಳದ ಮ್ಯಾಲ ನಮ್ಮ ಅತ್ತಿ ಹೆಸರು ಕೆತ್ತಿಸಿದ್ದು. ಬರೋರ ಕೈಯಾಗ ಕಳಿಸು.