ಹ್ಯಾಲೋವೀನ್ ಮಾಡದೇ ಇರೋರು ಮಕ್ಕಳಿಗೆ ಏನು ಹೇಳಿದ್ರಿ? ಅನುಭವ ಹಂಚ್ಕೊಳ್ಳಿ

ನ್ಯೂಜೆರ್ಸಿಗೆ ಬಂದು ಎರಡು ವರ್ಷ ಆಯ್ತು, ಮಗಳಿಗೆ ಆರು. ಅಕ್ಟೋಬರ್ 31ಕ್ಕೆ ವೇಷ ಹಾಕಿಸಿ ಚಾಕಲೇಟ್ ಕೇಳೋಕೆ ಮನೆಮನೆಗೆ ಕರ್ಕೊಂಡು ಹೋಗೋಕೆ ನನಗೆ ಯಾಕೋ ಮನಸ್ಸೇ ಬರ್ತಿಲ್ಲ, ಹಾಗಂತ ಬಿಟ್ರೆ ಕ್ಲಾಸಲ್ಲಿ ಅವಳೊಬ್ಬಳೇ ಒಂಟಿ ಆಗ್ತಾಳೇನೋ ಅಂತ ಸಂಕಟ. ನೀವು ಯಾಕೆ ಬಿಟ್ರಿ, ಹೇಗೆ ನಿಭಾಯಿಸಿದ್ರಿ ಹೇಳ್ತೀರಾ?

ಉತ್ತರ 1
ನಾವೂ ಮೊದಲು ಮಾಡ್ತಿದ್ವಿ, ಕುಂಬಳಕಾಯಿ ಕೆತ್ತಿ ಒಳಗೆ ದೀಪ ಇಟ್ಟು ಎಲ್ಲಾ. ಒಂದು ವರ್ಷ ಸೆಪ್ಟೆಂಬರಲ್ಲಿ ನಮ್ಮಮ್ಮ ತೀರ್ಕೊಂಡ್ರು, ಊರಿಗೆ ಹೋಗಿ ವೈಕುಂಠ ಸಮಾರಾಧನೆ ಮುಗಿಸ್ಕೊಂಡು ವಾಪಸ್ ಬರೋಷ್ಟ್ರಲ್ಲಿ ಇಲ್ಲಿ ಬೀದಿ ತುಂಬಾ ಹ್ಯಾಲೋವೀನ್ ಅಲಂಕಾರ. ಪಕ್ಕದ ಮನೆ ಹುಲ್ಲಿನ ಮೇಲೆ ಥರ್ಮಾಕೋಲ್ ಸಮಾಧಿ ಕಲ್ಲು, ಅದರ ಮುಂದೆ ಮಣ್ಣು ಸೀಳ್ಕೊಂಡು ಬಂದ ಹಾಗೆ ಪ್ಲಾಸ್ಟಿಕ್ ಮೂಳೆ ಕೈ, ಐದೂ ಬೆರಳು ಬಿಡಿಸ್ಕೊಂಡು. ಮಗ ಅಲ್ಲೇ ನಿಂತ್ಬಿಟ್ಟ. "ಅಮ್ಮಾ, ಅಜ್ಜಿ ಕೈನೂ ಈಗ ಹಿಂಗೇ ಆಗಿದ್ಯಾ?" ವಿಡಿಯೋ ಕಾಲಲ್ಲಿ ಅವನಿಗೆ ಬಳೆ ಅಲ್ಲಾಡಿಸಿ ನಗಿಸ್ತಿದ್ದ ಕೈ ಅದು. ನನಗೆ ಮಾತೇ ಹೊರಡ್ಲಿಲ್ಲ, ಎತ್ಕೊಂಡು ಒಳಗೆ ಬಂದೆ.

ಅವತ್ತಿಂದ ಬಿಟ್ವಿ. ಹಬ್ಬದ ಮೇಲೆ ದ್ವೇಷ ಏನಿಲ್ಲ, ಐರ್ಲೆಂಡ್ ಕಡೆ ಸುಗ್ಗಿ ಮುಗಿದು ಚಳಿಗಾಲ ಶುರುವಾಗುವಾಗ ಸತ್ತೋರು ಬರ್ತಾರೆ ಅಂತ ನಂಬಿ ಮಾಡ್ತಿದ್ದ ಹಳೇ ಹಬ್ಬದಲ್ಲೇ ಇದರ ಬೇರು ಇರೋದು, ನಾವೂ ಮಹಾಲಯ ಅಮಾವಾಸ್ಯೆಗೆ ಎಡೆ ಇಡ್ತೀವಲ್ಲ. ಆದ್ರೆ ಹೋದೋರನ್ನ ಕರೆದು ಬಡಿಸೋ ಮನೇಲಿ ಬೆಳೆದ ನನಗೆ ಅವರನ್ನ ಕಂಡು ಹೆದರೋದನ್ನ ಮಗನಿಗೆ ಕಲಿಸೋಕೆ ಆಗ್ಲಿಲ್ಲ. ಅವನಿಗೂ ಇದನ್ನೇ ಹೇಳಿದೆ. ಆ ಸಂಜೆ ಈಗ ಅಜ್ಜಿ ಮಾಡ್ತಿದ್ದ ಕಾಯಿ ಹೋಳಿಗೆ ಮಾಡ್ತೀವಿ, ಹೂರಣದ ಉಂಡೆ ಕಟ್ಟೋದು ಅವನ ಕೆಲಸ.

ಉತ್ತರ 2
ನಮ್ಮದು ಬರೀ ಅಲರ್ಜಿ ಕಾರಣ ಅಕ್ಕ. ಮಗನಿಗೆ ಕಡಲೆಕಾಯಿ ಆಗಲ್ಲ, ಆ ಚಿಕ್ಕ ಚಿಕ್ಕ ಚಾಕಲೇಟ್ ಮೇಲೆ ಒಳಗೇನಿದೆ ಅಂತ ಎಷ್ಟೋ ಸಲ ಬರೆದೇ ಇರಲ್ಲ. ಹಸಿರು ಬೆರೆತ ನೀಲಿ ಬಣ್ಣದ ಕುಂಬಳಕಾಯಿ ಇಟ್ಟಿರೋ ಮನೇಲಿ ತಿಂಡಿ ಬದಲು ಆಟದ ಸಾಮಾನು ಸಿಗುತ್ತೆ, ನಮ್ಮ ಬೀದೀಲಿ ಒಂದೂ ಇರ್ಲಿಲ್ಲ. ಒಂದು ಚೀಲ ತುಂಬಾ ತಂದಿದ್ದ, ನಾನು ಆರಿಸಿ ತೆಗೆದ ಮೇಲೆ ಆರೇ ಆರು ಉಳಿದ್ವು, ಅವನ ಮುಖ ಇನ್ನೂ ಕಣ್ಣಲ್ಲಿದೆ. ಟೀಚರ್‌ಗೆ ಮೊದಲೇ ಇಮೇಲ್ ಹಾಕಿ, ಸ್ಕೂಲಲ್ಲಿ ಮಕ್ಕಳ ವೇಷದ ಪರೇಡ್ ನಡೆಯೋ ಹೊತ್ತಲ್ಲಿ ಲೈಬ್ರರೀಲಿ ಕೂರಿಸ್ತೀವಿ ಅಂತ ಅವರೇ ಹೇಳಿದ್ರು ನಮಗೆ.

ಉತ್ತರ 3
ಬಾಗಿಲ ಲೈಟ್ ಆರಿಸಿದ್ರೆ ಯಾರೂ ಬೆಲ್ ಮಾಡಲ್ಲ, ನಾವು ಹಾಗೇ ಮಾಡ್ತಿದ್ವಿ. 2024ರಲ್ಲಿ ಮಾತ್ರ ದೀಪಾವಳಿ ಅದೇ 31ಕ್ಕೆ ಬಂತು, ಹೊಸ್ತಿಲಲ್ಲಿ ಹಣತೆ ಹಚ್ಚದೇ ಇರೋಕಾಗುತ್ತಾ, ಬೆಳಕು ನೋಡಿ ಮಕ್ಕಳು ಬಂದೇ ಬಂದ್ರು. ಬಾಗಿಲಿಗೆ ಬಂದ ಮಗೂನ ಬರಿಗೈಲಿ ಕಳಿಸೋಕೆ ಆಗಲ್ಲ ನೋಡಿ, ಲಕ್ಷ್ಮೀ ಪೂಜೆಗೆ ತಂದಿದ್ದ ಕಿತ್ತಳೆ ಹಣ್ಣು ಒಂದೊಂದು ಕೊಟ್ಟೆ. ನನ್ನ ಮಗಳು ಒಂದೊಂದು ಹಣತೆನೂ ತೋರಿಸಿ ಅವರಿಗೆ ಹೇಳ್ತಾ ನಿಂತಿದ್ಳು, ಒಂಟಿ ಆಗ್ಲಿಲ್ಲ.