ಫೆಂಟನ್ ಕ್ರಿಯೆಯ ಕಬ್ಬಿಣ: ಕ್ರಿಯಾವರ್ಧಕವೋ, ಕಾರಕವೋ?

ಪ್ರಶ್ನೆ: ದಾವಣಗೆರೆಯ ಪದವಿ ವಿದ್ಯಾರ್ಥಿಗಳಿಗೆ, ಬಣ್ಣ ಬೆರೆತ ನೀರನ್ನು ಶುದ್ಧಗೊಳಿಸುವ ಪ್ರಯೋಗದ ಕೈಪಿಡಿ ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಕ್ಯಾಟಲಿಸ್ಟ್‌ಗೆ, ಅಂದರೆ ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತುವಿಗೆ, ‘ವೇಗವರ್ಧಕ’ವೋ ‘ಕ್ರಿಯಾವರ್ಧಕ’ವೋ? ‘ಹೆಪ್ಪು’ ಎಂದರೇ ಸಾಕು ಎನ್ನುವವರೂ ಇದ್ದಾರೆ. ಡಿಗ್ರಡೇಶನ್‌ಗೆ ‘ವಿಘಟನೆ’ ಒಪ್ಪುತ್ತದೆಯೇ?

ಉತ್ತರ: ಹೆಪ್ಪು ಬೇಡ. ಚಮಚ ಮಜ್ಜಿಗೆ ಒಂದು ಪಾತ್ರೆ ಹಾಲನ್ನು ಮೊಸರು ಮಾಡುವುದು ನಿಜ, ಆದರೆ ಅಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಬೆಳಗಾದರೆ ಇಡೀ ಪಾತ್ರೆಯೇ ಹೆಪ್ಪು. ಕ್ಯಾಟಲಿಸ್ಟ್ ಹಾಕಿದಷ್ಟೇ ಉಳಿಯಬೇಕು. ನಿಮ್ಮೂರಿನ ಮಂಡಕ್ಕಿ ಭಟ್ಟಿಯ ಮರಳು ಇದಕ್ಕಿಂತ ಹತ್ತಿರದ ಹೋಲಿಕೆ: ಅಕ್ಕಿ ಅರಳುತ್ತದೆ, ಜರಡಿ ಹಿಡಿದರೆ ಮರಳು ಕೆಳಗಿಳಿದು ಮತ್ತೆ ಬಾಣಲೆಗೆ ಬರುತ್ತದೆ. ಮರಳು ಕಾವು ಮುಟ್ಟಿಸುತ್ತದೆ ಅಷ್ಟೆ, ರಾಸಾಯನಿಕ ಕೆಲಸವೇನಿಲ್ಲ. ಆದ್ದರಿಂದ ಪಾಠ ಹೇಳುವಾಗ ಬಳಸಿ, ಪದವಾಗಿ ಬೇಡ.

‘ವೇಗವರ್ಧಕ’ ತಪ್ಪಲ್ಲ. ಆದರೆ ಭೌತವಿಜ್ಞಾನದ ‘ವೇಗೋತ್ಕರ್ಷ’ (ಆಕ್ಸಲರೇಶನ್), ಆಕ್ಸಿಡೇಶನ್‌ನ ‘ಉತ್ಕರ್ಷಣ’ ಎರಡೂ ಅದೇ ಪುಟದಲ್ಲಿ ಬಂದರೆ ಓದುವವರು ತಡವರಿಸುತ್ತಾರೆ. ‘ಕ್ರಿಯಾವರ್ಧಕ’ ಇಟ್ಟುಕೊಳ್ಳಿ.

ನಿಜವಾದ ತೊಡಕು ಬಣ್ಣ ಒಡೆಯಲು ಬಳಸುವ ಫೆಂಟನ್ ಕ್ರಿಯೆಯಲ್ಲಿದೆ. 1894ರಲ್ಲಿ ಹೆನ್ರಿ ಫೆಂಟನ್ ವರದಿ ಮಾಡಿದ್ದು ಇದನ್ನೇ: ಫೆರಸ್ ಲವಣ, ಹೈಡ್ರೋಜನ್ ಪೆರಾಕ್ಸೈಡ್ ಎರಡೂ ಸೇರಿದರೆ ಟಾರ್ಟಾರಿಕ್ ಆಮ್ಲ ಉತ್ಕರ್ಷಣಗೊಳ್ಳುತ್ತದೆ. ಫೆರಸ್ ಕಬ್ಬಿಣ (Fe²⁺) ಪೆರಾಕ್ಸೈಡನ್ನು ಸೀಳಿ ಹೈಡ್ರಾಕ್ಸಿಲ್ ರಾಡಿಕಲ್ (ಬಣ್ಣದ ಅಣುವನ್ನು ಒಡೆಯುವ ಚುರುಕು ಕಣ) ಹುಟ್ಟಿಸಿ, ತಾನು ಫೆರಿಕ್ (Fe³⁺) ಆಗುತ್ತದೆ. ಫೆರಿಕ್ ಮರಳಿ ಫೆರಸ್ ಆಗುವ ಹೆಜ್ಜೆ ಸಾವಿರಾರು ಪಟ್ಟು ನಿಧಾನ. ಹಾಗಾಗಿ ಬೀಕರಿನಲ್ಲಿ ಕಬ್ಬಿಣ ಬಹುಪಾಲು ಖರ್ಚಾಗಿ ಕೆಸರಾಗಿ ಕೂರುತ್ತದೆ. ಕಾರಕ ಎಂದರೆ ಕ್ರಿಯೆಯಲ್ಲಿ ಪಾಲ್ಗೊಂಡು ಖರ್ಚಾಗುವ ವಸ್ತು; ಇಲ್ಲಿ ‘ಫೆಂಟನ್ ಕಾರಕ’ ಎನ್ನುವುದೇ ಪ್ರಾಮಾಣಿಕ. ನೇರಳಾತೀತ ಬೆಳಕು ಹಾಯಿಸಿದರೆ ಫೆರಿಕ್ ಬೇಗ ಹಿಂದಿರುಗುತ್ತದೆ. ಆಗ ‘ಕ್ರಿಯಾವರ್ಧಕ’ ಎಂಬ ಹೆಸರು ಅದಕ್ಕೆ ಸಲ್ಲುತ್ತದೆ.

ಕೈಪಿಡಿಯ ಹಂತಗಳಲ್ಲಿ ಕ್ರಿಯಾಪದಗಳೂ ಖಚಿತವಾಗಿರಲಿ. ಒಂದು ಲೀಟರ್ ಬಟ್ಟಿ ಇಳಿಸಿದ ನೀರಿಗೆ 10 ಮಿಲಿಗ್ರಾಂ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ. ಸಾರರಿಕ್ತ (ನೀರು ಬೆರೆತು ತೆಳುವಾದ) ಸಲ್ಫ್ಯೂರಿಕ್ ಆಮ್ಲದಿಂದ ಪಿಎಚ್ 3ಕ್ಕೆ ‘ಇಳಿಸಿ’. ಹೈಡ್ರೋಕ್ಲೋರಿಕ್ ಬೇಡ, ಅದರಲ್ಲಿನ ಕ್ಲೋರೈಡು ಹೈಡ್ರಾಕ್ಸಿಲ್ ರಾಡಿಕಲ್‌ಗಳನ್ನು ಕಬಳಿಸುತ್ತದೆ. 50 ಮಿಲಿಗ್ರಾಂ ಫೆರಸ್ ಸಲ್ಫೇಟ್ ಹೆಪ್ಟಾಹೈಡ್ರೇಟ್ ‘ಕರಗಿಸಿ’, ಅಂದರೆ 10 ಮಿಲಿಗ್ರಾಂ ಕಬ್ಬಿಣ. ಕೊನೆಗೆ ಶೇ. 30ರ ಪೆರಾಕ್ಸೈಡ್ 0.3 ಮಿಲಿಲೀಟರ್ ಹನಿಹನಿಯಾಗಿ ‘ಬಿಡಿ’. ಕೈಗವಸು, ಕನ್ನಡಕ ಕಡ್ಡಾಯ. ಪಿಎಚ್ 4 ದಾಟಿದರೆ ಕಬ್ಬಿಣ ಹೈಡ್ರಾಕ್ಸೈಡಾಗಿ ಒತ್ತರಿಸಿ (ದ್ರಾವಣದಿಂದ ಗಟ್ಟಿಯಾಗಿ ಬೇರ್ಪಟ್ಟು) ಕ್ರಿಯೆ ಸೊರಗುತ್ತದೆ. ಪೆರಾಕ್ಸೈಡ್ ಅತಿಯಾದರೆ ಅದೇ ರಾಡಿಕಲ್‌ಗಳನ್ನು ತಿನ್ನುತ್ತದೆ, ಉಳಿದದ್ದು ಸಿಒಡಿ (ರಾಸಾಯನಿಕ ಆಮ್ಲಜನಕ ಬೇಡಿಕೆ) ಅಳತೆಯನ್ನು ಸುಳ್ಳೇ ಏರಿಸುತ್ತದೆ. ಮುಗಿದ ಮೇಲೆ ಸುಣ್ಣದ ನೀರು ಹಾಕಿ ಪಿಎಚ್ 8ಕ್ಕೆ ತಂದರೆ ಕೆಂಗಂದು ಚೂರುಗಳು ತಳ ಸೇರುತ್ತವೆ.

ಚಿತ್ರದುರ್ಗದ ಕಡೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಮಾಡುವವರಿಗೆ ಒಂದು ಮಾತು: ಬೈಕಾರ್ಬೋನೇಟ್ ಇದ್ದಷ್ಟೂ ಆಮ್ಲ ಹೆಚ್ಚು ಬೇಕು.

ಬೆಳಕಿನ ನೆರವಿನಿಂದ ಬಣ್ಣ ಒಡೆಯುವ ಪುಡಿ ಟೈಟಾನಿಯಂ ಡೈಆಕ್ಸೈಡಿಗೆ ‘ದ್ಯುತಿಕ್ರಿಯಾವರ್ಧಕ’ ಸರಿ. ‘ದ್ಯುತಿಸಂಶ್ಲೇಷಣೆ’ ಶಾಲೆಯಿಂದಲೇ ಗೊತ್ತು. ಟೈಟಾನಿಯಂ ಡೈಆಕ್ಸೈಡಿನ ಅನಟೇಸ್ ಎಂಬ ಹರಳು ರೂಪಕ್ಕೆ ಸುಮಾರು 388 ನ್ಯಾನೋಮೀಟರಿಗಿಂತ ಕಿರಿದಾದ ಅಲೆಯ ಬೆಳಕು ಬೇಕು, ಬಲ್ಬಿನ ಹಳದಿ ಬೆಳಕು ಸಾಲದು.

‘ವಿಘಟನೆ’ಯ ವಿಷಯದಲ್ಲಿ ಬಿಗಿಯಾಗಿರಿ. ನೀಲಿ ಮಾಯವಾದದ್ದು ವಿಘಟನೆಗೆ ಸಾಕ್ಷಿಯಲ್ಲ. ಬಣ್ಣ ಟೈಟಾನಿಯಂ ಡೈಆಕ್ಸೈಡ್ ಪುಡಿಯ ಮೈಗೆ ಅಂಟಿರಬಹುದು, ಅದು ‘ಅಧಿಶೋಷಣೆ’. ಆದ್ದರಿಂದ ಬೆಳಕು ಹಾಯಿಸುವ ಮುಂಚೆ ಅರ್ಧ ಗಂಟೆ ಕತ್ತಲಲ್ಲಿ ಕಲಕಿ ಬಣ್ಣದ ಅಳತೆ ತೆಗೆಯಬೇಕು. ಅಣು ಮುರಿದು ಚಿಕ್ಕ ಸಾವಯವ ಆಮ್ಲಗಳಾದರೆ ‘ವಿಘಟನೆ’. ಇಂಗಾಲವೆಲ್ಲ ಕಾರ್ಬನ್ ಡೈಆಕ್ಸೈಡ್ ಆದರೆ ಮಾತ್ರ ‘ಖನಿಜೀಕರಣ’. ಬರೀ ಕಣ್ಣಳತೆಯ ಅಥವಾ ವರ್ಣಮಾಪಕದ ಫಲಿತಾಂಶಕ್ಕೆ ‘ಬಣ್ಣ ಇಳಿದ ಪ್ರಮಾಣ’ ಎಂದೇ ತಲೆಬರಹ ಕೊಡಿ.